ತಮ್ಮ 14 ತಿಂಗಳು ಅಂಟಾರ್ಕ್ಟಿಕಾಕ್ಕೆ ಹೊರಟಿದ್ದಾನೆ. ಅಷ್ಟು ದಿನ ಮುಚ್ಚಿದ ಜಾಗದಲ್ಲಿದ್ದರೆ ಮನಸ್ಸು, ಮೈ ಏನಾಗುತ್ತೆ?

ಸಡಾ ಗುಡ್ಡದ ಅಕ್ಕ, ವಾಸ್ಕೋ

ಎಲ್ಲರಿಗೂ ನಮಸ್ಕಾರ. ನನ್ನ ತವರು ಗದಗ. ಮದುವೆಯಾಗಿ ವಾಸ್ಕೋಗೆ ಬಂದು 16 ವರ್ಷ ಆಯ್ತು. ನಮ್ಮ ಮನೆಯಿಂದ ಹೆಡ್‌ಲ್ಯಾಂಡ್ ಸಡಾ ಗುಡ್ಡ ಹತ್ತಿರ. ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇರುವುದು ಅಲ್ಲೇ. ಮಕ್ಕಳನ್ನು ಸ್ಕೂಲಿಗೆ ಬಿಡಲು ಹೋಗುವಾಗ ದಿನಾ ಆ ಗೇಟು ನೋಡುತ್ತಿದ್ದೆ. ನಮ್ಮ ಮನೆಯವನೇ ಒಂದು ದಿನ ಅವರ ಕಡೆಯಿಂದ ಅಂಟಾರ್ಕ್ಟಿಕಾಕ್ಕೆ ಹೊರಡುತ್ತಾನೆ ಅಂತ ಅಂದುಕೊಂಡೇ ಇರಲಿಲ್ಲ.

ನನ್ನ ತಮ್ಮ ಜನರೇಟರ್ ಮೆಕ್ಯಾನಿಕ್. ವಯಸ್ಸು 29. ಅಂಟಾರ್ಕ್ಟಿಕಾದಲ್ಲಿರುವ ನಮ್ಮ ದೇಶದ ಮೈತ್ರಿ ಕೇಂದ್ರದ ಚಳಿಗಾಲದ ತಂಡಕ್ಕೆ ಆಯ್ಕೆಯಾಗಿದ್ದಾನೆ. ದಿಲ್ಲಿಯ ಏಮ್ಸ್‌ನಲ್ಲಿ ತಪಾಸಣೆ ಮುಗಿದಿದೆ. ಔಲಿಯಲ್ಲಿ ಹಿಮದ ತರಬೇತಿಯೂ ಆಯ್ತು. ನವೆಂಬರ್‌ನಲ್ಲಿ ಹೊರಟರೆ ಮುಂದಿನ ವರ್ಷ ಡಿಸೆಂಬರ್ ಕೊನೆಗೆ ವಾಪಸ್.

ಚಳಿಯ ಬಗ್ಗೆ ನನಗೆ ಅಷ್ಟು ಹೆದರಿಕೆ ಇಲ್ಲ. ಅದಕ್ಕೆ ಬಟ್ಟೆ ಕೊಡುತ್ತಾರೆ. ನನ್ನ ಚಿಂತೆ ಬೇರೆ. ಅವನು ಹನ್ನೊಂದು ಜನರ ಮನೆಯಲ್ಲಿ ಬೆಳೆದವನು. ಒಬ್ಬನೇ ಕೂತು ಉಂಡಿದ್ದನ್ನು ನಾನು ನೋಡಿಲ್ಲ. ಈಗ ಗುರುತಿಲ್ಲದ ಇಪ್ಪತ್ತೈದು ಜನರ ಜೊತೆ, ಎರಡು ತಿಂಗಳು ಸೂರ್ಯನೇ ಏಳದ ಕಡೆ, ಬೇಕೆಂದಾಗ ಎದ್ದು ಬರಲಾಗದ ಜಾಗದಲ್ಲಿ ಇರಬೇಕು. ಅವ್ವ ಫೋನಿನಲ್ಲಿ ದಿನಾ ಒಂದೇ ಮಾತು ಕೇಳುತ್ತಾಳೆ: "ಹ್ವಾದಂಗ ವಾಪಸ್ ಬರ್ತಾನೇನ?"

ಇನ್ನೊಂದು ವಿಷಯ. ಅವ್ವ ಈಗಲೇ ಹೆಣ್ಣು ಗೊತ್ತು ಮಾಡಿದ್ದಾಳೆ. ಅವನು ಬಂದು ಸಂಕ್ರಾಂತಿ ಕಳೆದ ಕೂಡಲೇ ಮದುವೆ ಅಂತ ಎರಡೂ ಮನೆಯವರು ಮಾತಾಡಿಕೊಂಡಿದ್ದಾರೆ. ಇಷ್ಟು ಬೇಗ ಸರಿಯಾ ಅಂತ ನನಗೆ ಅನುಮಾನ. ಗೊತ್ತಿರುವವರು ದಯವಿಟ್ಟು ಹೇಳಿ.

ಮುಲುಂಡ್ ಇಂಜಿನ್ ರೂಮ್

ಅಕ್ಕಾ, ನಾನು ಕುಂದಾಪುರದವನು. 22 ವರ್ಷ ಹಡಗಿನಲ್ಲಿ ಇಂಜಿನ್ ಕಡೆ ಕೆಲಸ ಮಾಡಿದ್ದೇನೆ. ಅಂಟಾರ್ಕ್ಟಿಕಾ ನೋಡಿಲ್ಲ. ಆದರೆ 14 ತಿಂಗಳು ಅಂದರೆ ಎಷ್ಟು ಅಂತ ನನಗೆ ಗೊತ್ತು.

2019ರ ಸೆಪ್ಟೆಂಬರ್ ಕೊನೆಗೆ ಒಂದು ಬಲ್ಕ್ ಕ್ಯಾರಿಯರ್, ಅಂದರೆ ಸರಕಿನ ಹಡಗು ಹತ್ತಿದೆ. ಆರು ತಿಂಗಳ ಕಾಂಟ್ರ್ಯಾಕ್ಟ್. ಮಾರ್ಚ್‌ನಲ್ಲಿ ಇಳಿಯಬೇಕಿತ್ತು. ಅಷ್ಟರಲ್ಲಿ ಕೊರೋನಾ ಬಂತು, ಬಂದರುಗಳು ಬಾಗಿಲು ಹಾಕಿದವು. ಇಳಿದದ್ದು 2020ರ ನವೆಂಬರ್‌ನಲ್ಲಿ. ಆ ವರ್ಷದ ಕೊನೆಗೆ ನನ್ನ ಹಾಗೆ ಕಾಂಟ್ರ್ಯಾಕ್ಟ್ ಮುಗಿದೂ ಹಡಗಿನಲ್ಲೇ ಉಳಿದವರು ಪ್ರಪಂಚದಲ್ಲಿ ಸುಮಾರು 4 ಲಕ್ಷ ಜನ.

ಮೊದಲ ಆರು ತಿಂಗಳು ಏನೂ ಅನ್ನಿಸಲಿಲ್ಲ. ಅದು ಒಪ್ಪಿಕೊಂಡು ಹೋದದ್ದು. ಆಮೇಲಿನ ಎಂಟು ತಿಂಗಳು ಬೇರೆ ಥರ. ಯಾವತ್ತು ಮುಗಿಯುತ್ತದೆ ಅಂತ ಗೊತ್ತಿಲ್ಲದಿದ್ದಾಗ ಮನಸ್ಸು ಒಂದು ಕೆಲಸ ಮಾಡುತ್ತದೆ. ತನ್ನ ಪ್ರಪಂಚವನ್ನು ಚಿಕ್ಕದು ಮಾಡಿಕೊಳ್ಳುತ್ತಾ ಹೋಗುತ್ತದೆ. ಮೊದಲು ಊರಿನ ಸುದ್ದಿ ಬೇಡವಾಯಿತು. ಆಮೇಲೆ ಡೆಕ್ ಮೇಲೆ ಹೋಗಿ ನಿಲ್ಲುವುದು ಬೇಡವಾಯಿತು. ಕೊನೆಗೆ ಕ್ಯಾಬಿನ್, ಇಂಜಿನ್ ರೂಮ್, ಮೆಸ್, ಇಷ್ಟೇ ಉಳಿಯಿತು. ತಮಾಷೆ ಅಂದುಕೊಳ್ಳಬೇಡಿ, ಆಗ ನನಗೆ ದುಃಖವೂ ಇರಲಿಲ್ಲ. ಹೆಂಡತಿ ಫೋನ್ ಮಾಡಿದರೆ "ಆರಾಮಿದ್ದೇನೆ" ಅನ್ನುತ್ತಿದ್ದೆ. ಸುಳ್ಳಲ್ಲ ಅದು. ನನಗೆ ಹಾಗೇ ಅನ್ನಿಸುತ್ತಿತ್ತು. ಹೊಂದಿಕೊಂಡಿದ್ದೇನೆ ಅಂದುಕೊಂಡಿದ್ದೆ. ನಿಜಕ್ಕೂ ಸಣ್ಣವನಾಗಿದ್ದೆ.

ನಮ್ಮಲ್ಲಿ ಒಬ್ಬ ಫಿಟ್ಟರ್ ಇದ್ದ. ಕೈ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಜುಲೈನಿಂದ ಅವನು ಮೆಸ್‌ಗೆ ಬರುವುದು ಬಿಟ್ಟ. ತಟ್ಟೆ ತೆಗೆದುಕೊಂಡು ಕ್ಯಾಬಿನ್‌ಗೆ ಹೋಗುತ್ತಿದ್ದ. ಆಮೇಲೆ ಗಡ್ಡ ಬಿಟ್ಟ. ಆಮೇಲೆ ಬಾಯ್ಲರ್ ಸೂಟ್ ಒಗೆಯುವುದು ಬಿಟ್ಟ. ಕೆಲಸ ಮಾತ್ರ ಸರಿಯಾಗಿ ಮಾಡುತ್ತಿದ್ದ, ಹಾಗಾಗಿ ಯಾರೂ ಏನೂ ಕೇಳಲಿಲ್ಲ. ಗಮನಿಸಿದ್ದು ನಮ್ಮ ಚೀಫ್ ಕುಕ್, ಮಡಗಾಂವ್ ಕಡೆಯವರು. ತಟ್ಟೆಯಲ್ಲಿ ಅನ್ನ ಹಾಗೇ ವಾಪಸ್ ಬರುತ್ತಿದೆ ಅಂತ ಅವರಿಗೆ ಗೊತ್ತಾಯಿತು. ಒಂದು ಭಾನುವಾರ ಬಿರಿಯಾನಿ ಮಾಡಿದ ದಿನ ಅವನ ಕ್ಯಾಬಿನ್‌ಗೆ ಹೋಗಿ, "ಇವತ್ತು ಈರುಳ್ಳಿ ಕೊಯ್ಯಲು ನನಗೆ ಜನ ಇಲ್ಲ, ನೀನು ಬಾ" ಅಂದರು. ಅವನು ಬಂದ. ಮುಂದಿನ ಭಾನುವಾರವೂ ಬಂದ. ನಾಲ್ಕನೇ ವಾರ ಶೇವ್ ಮಾಡಿಕೊಂಡು ಬಂದ. ಯಾರೂ ಅವನಿಗೆ ಬುದ್ಧಿ ಹೇಳಲಿಲ್ಲ. ಒಂದು ಕೆಲಸ, ಒಂದು ಹೊತ್ತು, ಪಕ್ಕದಲ್ಲಿ ಒಬ್ಬ ಮನುಷ್ಯ. ಅಷ್ಟೇ.

ಇನ್ನು ಮನೆಗೆ ಬಂದ ಮೇಲಿನ ಮಾತು. ಮುಲುಂಡ್ ಮನೆಯಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ಹಡಗಿನಲ್ಲಿ ಇಂಜಿನ್ ಸದ್ದು 24 ಗಂಟೆ ಇರುತ್ತದೆ. ಸದ್ದು ನಿಂತರೆ ನಮಗೆ ಎಚ್ಚರ ಆಗುತ್ತದೆ, ಯಾಕೆಂದರೆ ಏನೋ ಕೆಟ್ಟಿದೆ ಅಂತ ಅರ್ಥ. ಮನೆಯಲ್ಲಿ ರಾತ್ರಿ ಎರಡಕ್ಕೆ, ನಾಲ್ಕಕ್ಕೆ ಧಡಕ್ಕನೆ ಎದ್ದು ಕೂರುತ್ತಿದ್ದೆ. ಹೆಂಡತಿ ಹಳೆ ಟೇಬಲ್ ಫ್ಯಾನ್ ತಂದು ಗೋಡೆಯ ಕಡೆ ತಿರುಗಿಸಿ ಹಾಕಿದಳು. ಗಾಳಿಗಲ್ಲ, ಸದ್ದಿಗೆ. ಆ ಫ್ಯಾನ್ ಮಾರ್ಚ್‌ವರೆಗೆ ಓಡಿತು. ಈಗ ಲೆಕ್ಕ ಹಾಕಿ, ನಿಮ್ಮ ತಮ್ಮನಿಗೆ ಬಂದ ತಿಂಗಳೊಳಗೆ ಮದುವೆ ಬೇಕಾ?

ಕೋಥ್ರೂಡ್ ಡಾಕ್ಟರ್, ಪುಣೆ

ಮೇಲಿನವರು ಹೇಳಿದ್ದು ಅನುಭವದ ಮಾತು. ಮೈಯೊಳಗೆ ಏನಾಗುತ್ತದೆ ಅಂತ ನಾನು ಸ್ವಲ್ಪ ಹೇಳುತ್ತೇನೆ.

ಮೊದಲು ಗಡಿಯಾರ. ನಮ್ಮ ಮಿದುಳಿನೊಳಗೆ ಒಂದು ಗಡಿಯಾರ ಇದೆ. ಅದು ಸರಿಯಾಗಿ 24 ಗಂಟೆಯದ್ದಲ್ಲ, ಹೆಚ್ಚಿನವರಲ್ಲಿ ಹತ್ತು ನಿಮಿಷದಷ್ಟು ಜಾಸ್ತಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಅದು ದಿನಾ ತನ್ನನ್ನು ಸರಿ ಮಾಡಿಕೊಳ್ಳುತ್ತದೆ. ಬೆಳಕು ಇಲ್ಲದಿದ್ದರೆ ದಿನಾ ಸ್ವಲ್ಪ ಸ್ವಲ್ಪ ಜಾರುತ್ತಾ ಹೋಗುತ್ತದೆ. 1962ರಲ್ಲಿ ಮಿಶೆಲ್ ಸಿಫ್ರ್ ಎಂಬ ಫ್ರೆಂಚ್ ಭೂವಿಜ್ಞಾನಿ ಆಲ್ಪ್ಸ್ ಬೆಟ್ಟದ ಗುಹೆಯಲ್ಲಿ ಗಡಿಯಾರ ಇಲ್ಲದೆ ಎರಡು ತಿಂಗಳು ಇದ್ದರು. ಸೆಪ್ಟೆಂಬರ್ 14ಕ್ಕೆ "ಮುಗಿಯಿತು, ಬನ್ನಿ" ಅಂದಾಗ ಅವರ ಲೆಕ್ಕದಲ್ಲಿ ಇನ್ನೂ ಆಗಸ್ಟ್ 20. ಒಂದರಿಂದ 120ರವರೆಗೆ ಸೆಕೆಂಡಿಗೆ ಒಂದರಂತೆ ಎಣಿಸಿ ಅಂದರೆ, ಅವರು ಎಣಿಸಿ ಮುಗಿಸಲು ಐದು ನಿಮಿಷ ಹಿಡಿಯಿತು.

ಇನ್ನು ಕೈಕಾಲು. ಮಾಸ್ಕೋದಲ್ಲಿ 2010ರ ಜೂನ್‌ನಿಂದ 2011ರ ನವೆಂಬರ್‌ವರೆಗೆ ಆರು ಜನರನ್ನು 520 ದಿನ ಒಂದು ಮುಚ್ಚಿದ ಕಟ್ಟಡದಲ್ಲಿ ಇಟ್ಟಿದ್ದರು. ಮಂಗಳ ಗ್ರಹಕ್ಕೆ ಹೋಗಿ ಬರುವ ಪ್ರಯಾಣದ ಅಭ್ಯಾಸ ಅದು. ಅವರ ಕೈಗೆ ಕಟ್ಟಿದ್ದ ಯಂತ್ರ ತೋರಿಸಿದ್ದು ಏನು ಗೊತ್ತಾ? ಮೊದಲ ಕೆಲವು ತಿಂಗಳಲ್ಲೇ ಓಡಾಟ ಇಳಿಯಿತು. ನಿದ್ದೆ, ಸುಮ್ನೆ ಕೂರುವುದು ಹೆಚ್ಚಾಯಿತು. ಕೊನೆಯ ಇಪ್ಪತ್ತು ದಿನ, ಬಾಗಿಲು ತೆರೆಯುವ ಹೊತ್ತು ಹತ್ತಿರ ಬಂದಾಗ, ಮತ್ತೆ ಚುರುಕಾದರು. ಒಬ್ಬರ ದಿನ 25 ಗಂಟೆಗೆ ತಿರುಗಿತ್ತು. ಅಂದರೆ ಆರು ಜನರ ಮನೆಯಲ್ಲೂ ಅವರು ಎಷ್ಟೋ ಹೊತ್ತು ಒಬ್ಬರೇ ಎದ್ದಿರುತ್ತಿದ್ದರು. ಮುಲುಂಡ್ ಅಣ್ಣ "ಸಣ್ಣವನಾದೆ" ಅಂದದ್ದಕ್ಕೂ ಇದಕ್ಕೂ ನನಗೆ ಸಂಬಂಧ ಕಾಣುತ್ತದೆ.

ಓಡಾಟ ಕಡಿಮೆಯಾದರೆ ಏನು ಅಂತ ಹಗುರ ಮಾಡಬೇಡಿ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತರ ಆಸುಪಾಸಿನ ಐದು ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದ್ದರು. ಮೂವತ್ತು ವರ್ಷದ ಮೇಲೆ ಅದೇ ಐದು ಜನರನ್ನು ಕರೆದು ಮತ್ತೆ ನೋಡಿದರು. ಮೂವತ್ತು ವರ್ಷ ವಯಸ್ಸಾದದ್ದಕ್ಕಿಂತ ಆ ಮೂರು ವಾರ ಮಲಗಿದ್ದೇ ಅವರ ದಮ್ಮನ್ನು ಹೆಚ್ಚು ಇಳಿಸಿತ್ತು. ಹಾಗಾಗಿ ತಮ್ಮನಿಗೆ ಹೇಳಿ: ಏನೇ ಆಗಲಿ ವ್ಯಾಯಾಮ ಬಿಡುವ ಹಾಗಿಲ್ಲ.

ಅಂಟಾರ್ಕ್ಟಿಕಾದ್ದೇ ಒಂದು ಅಧ್ಯಯನ ಇದೆ, 2019ರಲ್ಲಿ ಪ್ರಕಟವಾಯಿತು. ಜರ್ಮನಿಯ ನೊಯ್ಮಾಯರ್ ಕೇಂದ್ರದಲ್ಲಿ 14 ತಿಂಗಳು ಇದ್ದ ಒಂಬತ್ತು ಜನರ ಮಿದುಳನ್ನು ಹೋಗುವ ಮುಂಚೆ, ಬಂದ ಮೇಲೆ ಸ್ಕ್ಯಾನ್ ಮಾಡಿದರು. ಹೊಸದನ್ನು ನೆನಪಿಡಲು, ದಾರಿ ಗುರುತಿಸಲು ಬೇಕಾದ ಹಿಪ್ಪೊಕ್ಯಾಂಪಸ್‌ನ ಒಂದು ಭಾಗ ಸರಾಸರಿ ಶೇ. 7ರಷ್ಟು ಕುಗ್ಗಿತ್ತು. ಹೆದರಬೇಡಿ ಅಕ್ಕಾ. ಒಂಬತ್ತೇ ಜನರ ಲೆಕ್ಕ ಅದು, ಅದೂ ಅಲ್ಲದೆ ಮಿದುಳು ಬದಲಾಗುತ್ತಲೇ ಇರುವ ಅಂಗ. ಆದರೆ ದಿನಾ ಅದೇ ಗೋಡೆ, ಅದೇ ಮುಖ, ಅದೇ ದಾರಿ ಇದ್ದಾಗ ಮಿದುಳು ತನ್ನ ಖರ್ಚು ಕಡಿಮೆ ಮಾಡಿಕೊಳ್ಳುತ್ತದೆ ಅನ್ನುವುದು ನನಗೆ ಸರಿ ಅನ್ನಿಸುತ್ತದೆ. ಅವನು ಹೊಸದೇನಾದರೂ ಕಲಿಯಲಿ. ರಷ್ಯನ್ ಭಾಷೆ ಕಲಿತರೂ ಆಗುತ್ತದೆ, ಪಕ್ಕದಲ್ಲೇ ಅವರ ಕೇಂದ್ರ ಇದೆ.

ಬಿಸಿಲಿಲ್ಲದೆ ವಿಟಮಿನ್ ಡಿ ಇಳಿಯುತ್ತದೆ, ಮಾತ್ರೆ ಕೊಡುತ್ತಾರೆ. ಥೈರಾಯಿಡ್ ಕೂಡ ಸ್ವಲ್ಪ ಏರುಪೇರಾಗುತ್ತದೆ, ಮರೆವು, ಬೇಸರ ಬರುವುದಕ್ಕೆ ಅದೂ ಒಂದು ಕಾರಣ ಇರಬಹುದು ಅಂತ ಹೇಳುತ್ತಾರೆ.

ಡೊಂಬಿವಲಿ ರಾಯರು

ಎಲ್ಲ ಓದಿದೆ. ಒಂದು ಮಾತು ಕೇಳಲಾ? ನಮ್ಮಲ್ಲಿ ಗುಹೆಯಲ್ಲಿ ವರ್ಷಗಟ್ಟಲೆ ಕೂತ ಸಾಧಕರು ಇದ್ದರು. ಜೈನ ಮುನಿಗಳು ಚಾತುರ್ಮಾಸದಲ್ಲಿ ನಾಲ್ಕು ತಿಂಗಳು ಒಂದೇ ಕಡೆ ಇರುತ್ತಾರೆ. ಅವರು ಯಾರೂ ಕುಗ್ಗಿ ಹೋಗಲಿಲ್ಲವಲ್ಲ. ಏಕಾಂತವನ್ನೇ ಕಾಯಿಲೆ ಅನ್ನುವುದು ನನಗೆ ಒಪ್ಪಿಗೆಯಾಗುತ್ತಿಲ್ಲ. ಮನಸ್ಸು ಗಟ್ಟಿ ಇದ್ದರೆ ಯಾವ ಜಾಗವಾದರೇನು?

ಯರವಾಡ ಕಡೆಯ ವಕೀಲ, ಪುಣೆ

ರಾಯರೇ, ನಿಮ್ಮ ಮೇಲೆ ಗೌರವ ಇಟ್ಟೇ ಹೇಳುತ್ತೇನೆ. ಬಾಗಿಲಿನ ಚಿಲಕ ಯಾವ ಕಡೆ ಇದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸಾಧಕರಿಗೆ ಚಿಲಕ ಒಳಗಡೆ. ಕೈದಿಗೆ ಹೊರಗಡೆ.

ನಮ್ಮ ಕಾನೂನಿಗೂ ಇದು ಮೊದಲಿನಿಂದ ಗೊತ್ತು. ಬ್ರಿಟಿಷರ ಕಾಲದ ದಂಡ ಸಂಹಿತೆಯಲ್ಲೇ ಒಂಟಿ ಸೆರೆ ಒಮ್ಮೆಗೆ 14 ದಿನ ಮೀರಬಾರದು, ಒಟ್ಟು ಮೂರು ತಿಂಗಳು ದಾಟಬಾರದು ಅಂತ ಇತ್ತು. ಈಗಿನ ನ್ಯಾಯ ಸಂಹಿತೆಯಲ್ಲೂ ಅದು ಉಳಿದಿದೆ. 1978ರಲ್ಲಿ ಸುನಿಲ್ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮರಣದಂಡನೆ ಆಗಿದೆ ಅನ್ನುವ ಒಂದೇ ಕಾರಣಕ್ಕೆ ಕೈದಿಯನ್ನು ಒಂಟಿಯಾಗಿ ಇಡುವ ಹಾಗಿಲ್ಲ ಅಂತ ಹೇಳಿತು. ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳು 2015ರಲ್ಲಿ ಬಂದವು. ದಿನಕ್ಕೆ 22 ಗಂಟೆ ಅಥವಾ ಹೆಚ್ಚು ಹೊತ್ತು ಮನುಷ್ಯರ ಒಡನಾಟವೇ ಇಲ್ಲದೆ, 15 ದಿನಕ್ಕಿಂತ ಜಾಸ್ತಿ ಇಡಬಾರದು ಅಂತ ಅದರಲ್ಲಿದೆ.

ನಾನು ಕೈದಿಗಳನ್ನು ನೋಡಲು ಹೋಗುತ್ತೇನೆ. ತುಂಬಾ ದಿನ ಒಬ್ಬನೇ ಇದ್ದವನು ನಾನು ಎದುರು ಕೂತಾಗ ಮೊದಲ ಹತ್ತು ನಿಮಿಷ ನನ್ನ ಬಾಯಿ ನೋಡುತ್ತಾನೆ, ಕಣ್ಣು ನೋಡುವುದಿಲ್ಲ. ಪ್ರಶ್ನೆ ಕೇಳಿದರೆ ಉತ್ತರ ತಡವಾಗಿ ಬರುತ್ತದೆ. ಕೇಸಿನ ಮಾತು ಬಿಟ್ಟು ಮೊದಲು ಅವನ ಊರಿನ ಮಳೆ ಬೆಳೆ ಕೇಳುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಹಿಂಜೇವಾಡಿ ಹುಡುಗಿ

ನಾನು ಗುಹೆಗೂ ಹೋಗಿಲ್ಲ, ಜೈಲಿಗೂ ಹೋಗಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಹಿಂಜೇವಾಡಿಯ ಒಂದು ಫ್ಲ್ಯಾಟ್‌ನಲ್ಲಿ 71 ದಿನ ಒಬ್ಬಳೇ ಇದ್ದೆ. ಜೊತೆಯವರು ಹೋಳಿಗೆ ಊರಿಗೆ ಹೋದವರು ಅಲ್ಲೇ ಉಳಿದರು. ನನ್ನ ಮನೆ ಶಿವಮೊಗ್ಗ.

ಇಲ್ಲಿ ಎಲ್ಲರೂ ದೊಡ್ಡ ಕಷ್ಟದ ಮಾತಾಡುತ್ತಿದ್ದೀರಿ, ನನ್ನದು ಏನೂ ಅಲ್ಲ. ಆದರೂ ಒಂದು ವಿಷಯ ಹೇಳಬೇಕು. ಆ ದಿನಗಳು ನಡೆಯುವಾಗ ಒಂದೊಂದು ಮಧ್ಯಾಹ್ನವೂ ಮುಗಿಯುತ್ತಲೇ ಇರಲಿಲ್ಲ. ಈಗ ನೆನಪಿಸಿಕೊಂಡರೆ 71 ದಿನ ಒಂದು ವಾರದ ಹಾಗೆ ಕಾಣುತ್ತದೆ. ಅಷ್ಟೂ ದಿನಗಳಿಂದ ನನಗೆ ನೆನಪಿರುವುದು ಮೂರು ಸಂಗತಿ. ಎದುರು ಮನೆಯ ಅಜ್ಜಿ ಬಾಗಿಲಿಗೆ ತಂದಿಟ್ಟ ಪುರಣಪೋಳಿ. ಒಂದು ಸಂಜೆಯ ಆಲಿಕಲ್ಲು ಮಳೆ. ಮತ್ತೆ ಕೊನೆಯ ದಿನ ತರಕಾರಿಯವರ ಹತ್ತಿರ ಮಾತಾಡಲು ಬಾಯಿ ತೆರೆದಾಗ ಹೊರಬಂದ ನನ್ನದೇ ಒಡಕು ದನಿ.

ಸ್ಪೇನ್‌ನ ಬೆಯಾಟ್ರಿಸ್ ಫ್ಲಮಿನಿ ಅನ್ನುವವರು ಗ್ರನಾಡಾ ಹತ್ತಿರದ ಗುಹೆಯಲ್ಲಿ 500 ದಿನ ಇದ್ದು 2023ರ ಏಪ್ರಿಲ್‌ನಲ್ಲಿ ಹೊರಬಂದರು. 70 ಮೀಟರ್ ಆಳ. ಅವರ ಅಂದಾಜಿನಲ್ಲಿ ಆಗಿದ್ದು 160, 170 ದಿನ ಅಷ್ಟೇ. ಅದನ್ನು ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಹೊಸದು ನಡೆಯದ ದಿನವನ್ನು ಮನಸ್ಸು ಲೆಕ್ಕಕ್ಕೇ ಇಡುವುದಿಲ್ಲ.

ರಾಯರೇ, ಫ್ಲಮಿನಿ ತಾವಾಗಿ ಹೋದವರು. ಹೊರಗೆ ಬರಲೇ ಮನಸ್ಸಿರಲಿಲ್ಲ ಅಂದರು. ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ.

ಡೊಂಬಿವಲಿ ರಾಯರು

ವಕೀಲರ ಚಿಲಕದ ಮಾತು ಒಪ್ಪಿದೆ. ನಾನು ಏಕಾಂತ ಅಂದದ್ದು ಬೇರೆ, ಒಂಟಿತನ ಬೇರೆ. ಎರಡನ್ನೂ ಒಂದೇ ಅಂದುಕೊಂಡು ಬರೆದೆ. ಅಕ್ಕಾ, ನಿಮ್ಮ ತಮ್ಮ ತಾನಾಗಿ ಹೋಗುತ್ತಿದ್ದಾನೆ ಅಲ್ವಾ? ಅದು ಒಳ್ಳೆಯದೇ.

ಫೋಂಡಾದಿಂದ

ಈ ಚರ್ಚೆ ನನಗೆ ಒಬ್ಬರು ಕಳಿಸಿದರು. ನಾನು ಖಾನಾಪುರದವನು, ಈಗ ಫೋಂಡಾದಲ್ಲಿದ್ದೇನೆ. ಮೈತ್ರಿಯಲ್ಲಿ ಒಂದು ಚಳಿಗಾಲ ಕಳೆದಿದ್ದೇನೆ. ಹೆಚ್ಚು ಬರೆದು ಅಭ್ಯಾಸ ಇಲ್ಲ, ಆದರೆ ಈ ಅಕ್ಕನಿಗೋಸ್ಕರ ಬರೆಯುತ್ತೇನೆ.

ಬೇಸಿಗೆಯಲ್ಲಿ ಅಲ್ಲಿ ಜಾತ್ರೆ ಇದ್ದ ಹಾಗೆ ಇರುತ್ತದೆ. ವಿಜ್ಞಾನಿಗಳು, ಹೆಲಿಕಾಪ್ಟರ್, ಹಡಗಿನಿಂದ ಸಾಮಾನು ಇಳಿಸುವುದು. ಆಮೇಲೆ ಒಂದು ದಿನ ಎಲ್ಲರೂ ಹೋಗುತ್ತಾರೆ. ಆ ಸಂಜೆ ಊಟಕ್ಕೆ ಕೂತಾಗ ಎಷ್ಟು ಕುರ್ಚಿ ಖಾಲಿ ಅಂತ ಕಾಣುತ್ತದೆ. ಇನ್ನು ಬೇಸಿಗೆಯವರೆಗೆ ಈ ಮುಖಗಳೇ ಅಂತ ಆಗ ಹೊಟ್ಟೆಗೆ ತಟ್ಟುತ್ತದೆ. ನಿಮ್ಮ ತಮ್ಮನಿಗೆ ಆ ಒಂದು ಸಂಜೆಯ ಬಗ್ಗೆ ಮುಂಚೆಯೇ ಹೇಳಿಡಿ.

ಕೆಲಸ ಇದ್ದವನು ಉಳಿಯುತ್ತಾನೆ. ಜನರೇಟರ್ ಮೆಕ್ಯಾನಿಕ್ ಅಂದರೆ ಆ ಮನೆಯ ಉಸಿರು ಅವನ ಕೈಯಲ್ಲಿ. ಅದು ನಿಂತರೆ ಬಿಸಿ ಇಲ್ಲ, ನೀರಿಲ್ಲ, ಬೆಳಕಿಲ್ಲ. ಹಾಗಾಗಿ ಅವನಿಗೆ "ನಾನು ಯಾಕಿದ್ದೇನೆ ಇಲ್ಲಿ" ಅನ್ನುವ ಪ್ರಶ್ನೆ ಬರುವುದು ಕಡಿಮೆ. ಗ್ಯಾಲಿ ಡ್ಯೂಟಿ, ಅಂದರೆ ಅಡುಗೆಮನೆ ಕೆಲಸ, ಸರದಿಯ ಮೇಲೆ ಬರುತ್ತದೆ, ದೊಡ್ಡವರು ಚಿಕ್ಕವರು ಅಂತಿಲ್ಲ. ಪಾತ್ರೆ ತೊಳೆಯುವಾಗಲೇ ನಾನು ಹೆಚ್ಚು ಮಾತಾಡಿದ್ದು.

ಮೇ ಕೊನೆಗೆ ಸೂರ್ಯ ಹೋಗುತ್ತಾನೆ. ಪೂರ್ತಿ ಕತ್ತಲೆ ಅಲ್ಲ. ಮಧ್ಯಾಹ್ನ ಒಂದೆರಡು ಗಂಟೆ ಉತ್ತರದ ಕಡೆ ಬೂದು ಬೆಳಕು ಬರುತ್ತದೆ. ನಿದ್ದೆ ಎಲ್ಲರದ್ದೂ ಕೆಡುತ್ತದೆ. ರಾತ್ರಿ ಮೂರಕ್ಕೆ ಎದ್ದು ಹೋದರೆ ಅಡುಗೆಮನೆಯಲ್ಲಿ ಆಗಲೇ ಇಬ್ಬರು ಚಹಾ ಕುಡಿಯುತ್ತಾ ಕೂತಿರುತ್ತಾರೆ. ಮಾತಾಡುತ್ತಾ ಇದ್ದವನು ನಡುವೆ ನಿಲ್ಲಿಸಿ ಗೋಡೆ ನೋಡುತ್ತಾನೆ. ಎರಡು ನಿಮಿಷ ಆದ ಮೇಲೆ "ಏನು ಹೇಳ್ತಿದ್ದೆ?" ಅನ್ನುತ್ತಾನೆ. ನಾನೂ ಹಾಗೆ ಮಾಡಿದ್ದೇನೆ. ಹೊರದೇಶದವರು ಇದಕ್ಕೆ ಅಂಟಾರ್ಕ್ಟಿಕ್ ದೃಷ್ಟಿ ಅಂತ ಹೆಸರನ್ನೇ ಇಟ್ಟಿದ್ದಾರೆ.

ಜಗಳ ದೊಡ್ಡ ವಿಷಯಕ್ಕೆ ಆಗುವುದಿಲ್ಲ. ನನಗೆ ಒಬ್ಬರ ಚಪ್ಪಲಿ ಎಳೆಯುವ ಸದ್ದು ಆಗುತ್ತಿರಲಿಲ್ಲ. ಮೂರು ತಿಂಗಳು ಆ ಸದ್ದು ಕೇಳಿದರೆ ಮೈ ಉರಿಯುತ್ತಿತ್ತು. ಒಳ್ಳೆಯ ಮನುಷ್ಯ ಅವರು, ನನಗೆ ಜ್ವರ ಬಂದಾಗ ಗಂಜಿ ಮಾಡಿಕೊಟ್ಟವರು. ಕೊನೆಗೆ ನಾನೇ ಹೋಗಿ ಹೇಳಿದೆ. ಅವರು, "ನೀನು ಚಮಚ ತಟ್ಟೆಗೆ ಬಡಿಯೋದು ನನಗೂ ಆಗಲ್ಲ" ಅಂದರು. ಅಲ್ಲಿಂದ ಇಬ್ಬರಿಗೂ ಹಗುರ ಆಯಿತು. ಮುಚ್ಚಿದ ಮನೆಯಲ್ಲಿ ಸಿಟ್ಟು ಒಳಗಿಟ್ಟುಕೊಂಡರೆ ಅದು ಹುಳಿ ಬರುತ್ತದೆ.

ಜೂನ್ 21 ಅಲ್ಲಿಯ ದೊಡ್ಡ ಹಬ್ಬ. ಚಳಿಗಾಲದ ನಡು. ಎಲ್ಲ ದೇಶದ ಕೇಂದ್ರಗಳೂ ಒಬ್ಬರಿಗೊಬ್ಬರು ಶುಭಾಶಯ ಕಳಿಸುತ್ತಾರೆ. ಅದಕ್ಕಾಗಿ ಹದಿನೈದು ದಿನ ಮುಂಚೆಯಿಂದ ತಯಾರಿ ಮಾಡುವುದೇ ಒಂದು ಔಷಧಿ.

ಹಸಿ ತರಕಾರಿ ಎಲ್ಲ ಮುಗಿದ ಮೇಲೆ ಮೂಟೆಯಲ್ಲಿ ಒಂದು ಈರುಳ್ಳಿ ಮೊಳಕೆ ಬಂದದ್ದು ಕಂಡೆ. ಅದನ್ನು ಗಾಜಿನ ಲೋಟದಲ್ಲಿ ನೀರು ಹಾಕಿ ಊಟದ ಮೇಜಿನ ಮೇಲೆ ಇಟ್ಟೆ. ಒಂದು ಗೇಣು ಬೆಳೆಯಿತು. ಊಟಕ್ಕೆ ಬಂದವರೆಲ್ಲ ಅದನ್ನು ಒಮ್ಮೆ ಬೆರಳಿನಿಂದ ಮುಟ್ಟಿ ಹೋಗುತ್ತಿದ್ದರು. ಯಾರೂ ಯಾರಿಗೂ ಹೇಳಿದ್ದಲ್ಲ. ಹಸಿರು ಬಣ್ಣಕ್ಕೆ ಅಷ್ಟು ಹಸಿವು ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ವಾಪಸ್ ಬಂದ ಮೇಲೆ ಮೊದಲ ವಾರವೇ ನೆಗಡಿ, ಜ್ವರ. ಅಲ್ಲಿ ಹೊಸ ರೋಗಾಣು ಬರುವುದೇ ಇಲ್ಲ, ಮೈ ಮರೆತುಬಿಟ್ಟಿರುತ್ತದೆ. ಹದಿನೈದು ದಿನಕ್ಕೆ ಬೆಳಗಾವಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಬ್ಯಾಂಡು, ಮೈಕು, ಐನೂರು ಜನ. ಅಕ್ಷತೆ ಹಾಕುವ ಮುಂಚೆಯೇ ಎದ್ದು ಹೋಗಿ ಕಾರಿನಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಕೈ ನಡುಗುತ್ತಿತ್ತು. ಎಲ್ಲರೂ ಸೊಕ್ಕು ಬಂದಿದೆ ಅಂದುಕೊಂಡರು. ಅದು ಬೇರೆಯವರ ಮದುವೆ. ನಿಮ್ಮ ತಮ್ಮನದು ಅವನದೇ ಮದುವೆ.

ಸಡಾ ಗುಡ್ಡದ ಅಕ್ಕ, ವಾಸ್ಕೋ

ಫೋಂಡಾ ಅಣ್ಣಾ, ನಿಮಗೆ ಕೈ ಮುಗಿಯುತ್ತೇನೆ. ರಾತ್ರಿ ಇದನ್ನು ಅವನಿಗೆ ಜೋರಾಗಿ ಓದಿ ಹೇಳಿದೆ. ಈರುಳ್ಳಿಯ ಭಾಗಕ್ಕೆ ಸುಮ್ಮನಾದ.

ಒಂದು ಕೇಳಬೇಕು. ಫೋನ್ ಬರುತ್ತದೆ ಅಂತ ಹೇಳಿದ್ದಾರೆ. ನಾವು ಏನು ಮಾತಾಡಬೇಕು? ಏನು ಮಾತಾಡಬಾರದು?

ಫೋಂಡಾದಿಂದ

"ಹೇಗಿದ್ದೀಯ, ಊಟ ಆಯ್ತಾ" ಅಂತ ಕೇಳಿದರೆ ನಮಗೆ ಹೇಳಲು ಏನೂ ಇರುವುದಿಲ್ಲ. ನಿನ್ನೆಯ ಹಾಗೇ ಇವತ್ತು. ನೀವು ಹೇಳಿ. ಸಣ್ಣ ಸಣ್ಣದ್ದು ಹೇಳಿ. ಪಕ್ಕದ ಮನೆಯವರು ಬೋರ್ ಹಾಕಿಸಿದ್ದು, ಸಂತೆಯಲ್ಲಿ ಮೆಣಸಿನಕಾಯಿ ಎಷ್ಟಕ್ಕೆ ಬಂತು. ಕಷ್ಟದ ಸುದ್ದಿಯನ್ನು ಮುಚ್ಚಿಡಬೇಡಿ, ಆದರೆ ಅವನು ಏನೂ ಮಾಡಲಾಗದ ಜಗಳವನ್ನು ಅವನ ತಲೆಗೆ ಕಟ್ಟಬೇಡಿ. ನನ್ನ ಅಣ್ಣ ಹೊಲದ ತಕರಾರನ್ನು ಜುಲೈನಲ್ಲಿ ಹೇಳಿದ. ಒಂದು ತಿಂಗಳು ನಾನು ರಾತ್ರಿ ಎಲ್ಲ ಅದನ್ನೇ ತಿರುವಿ ಹಾಕಿದೆ.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅವನು ಮಾತು ಕಡಿಮೆ ಮಾಡುತ್ತಾನೆ. ಸೂರ್ಯ ಬಂದಿರುತ್ತಾನೆ, ಆದರೂ ಅದೇ ಕಷ್ಟದ ಹೊತ್ತು. ಅರ್ಧ ದಾಟಿದೆ, ಇನ್ನೂ ಮುಗಿದಿಲ್ಲ.

ಕೋಥ್ರೂಡ್ ಡಾಕ್ಟರ್, ಪುಣೆ

ಇದಕ್ಕೆ ಮೂರನೇ ಕಾಲು ಭಾಗದ ಕುಸಿತ ಅಂತ ಹೇಳುತ್ತಾರೆ. ಇರುವ ಅವಧಿಯನ್ನು ನಾಲ್ಕು ಪಾಲು ಮಾಡಿದರೆ ಮೂರನೆಯ ಪಾಲಿನಲ್ಲಿ ಮನಸ್ಸು ಕುಗ್ಗುವುದು. 1991ರಿಂದ ಈ ಮಾತು ಬಳಕೆಯಲ್ಲಿದೆ. ಆದರೆ ಎಲ್ಲ ತಂಡಗಳಲ್ಲೂ ಇದು ಕಂಡಿಲ್ಲ. ಹಾಗಾಗಿ ಬಂದೇ ಬರುತ್ತದೆ ಅಂತ ಅವನಿಗೆ ಹೇಳಬೇಡಿ. ಹೇಳಿದರೆ ಅದನ್ನೇ ಕಾಯುತ್ತಾ ಕೂರುತ್ತಾನೆ.

ಫೋಂಡಾದಿಂದ

ಡಾಕ್ಟ್ರೇ, ಇದರಲ್ಲಿ ನನ್ನ ಅಭಿಪ್ರಾಯ ಬೇರೆ. ನನಗೆ ಮುಂಚೆಯೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ನನಗೊಬ್ಬನಿಗೇ ಏನೋ ಆಗಿದೆ ಅಂದುಕೊಂಡು ಆರು ವಾರ ಯಾರಿಗೂ ಹೇಳದೆ ಇದ್ದೆ.

ಕೋಥ್ರೂಡ್ ಡಾಕ್ಟರ್, ಪುಣೆ

ಸರಿ. ನೀವು ಇದ್ದು ಬಂದವರು. ಹಾಗಾದರೆ ಹೀಗೆ ಹೇಳೋಣ: ಬರಬಹುದು, ಬಂದರೆ ಅದು ನಿನ್ನೊಬ್ಬನದಲ್ಲ, ಕೇಂದ್ರದ ಡಾಕ್ಟರ ಹತ್ತಿರ ಹೋಗಿ ಕೂತು ಮಾತಾಡು.

ಮೆಟ್ರೋ ಸುರಂಗ, ಮುಂಬೈ

ನಾನು ಸುರಂಗದ ಕೆಲಸದಲ್ಲಿದ್ದೇನೆ. ಫೋನಿನ ಮಾತು ಬಂತಲ್ಲ, ಅದಕ್ಕೆ ಒಂದು ಸೇರಿಸುತ್ತೇನೆ. 2023ರ ನವೆಂಬರ್ 12ಕ್ಕೆ ಉತ್ತರಕಾಶಿಯ ಸಿಲ್ಕ್ಯಾರಾ ಸುರಂಗ ಕುಸಿದು 41 ಜನ ಒಳಗೆ ಸಿಕ್ಕಿಬಿದ್ದರು. 17 ದಿನ. ನಮ್ಮ ಸೈಟಿನಲ್ಲಿ ಆಗ ಬೇರೆ ಮಾತೇ ಇರಲಿಲ್ಲ. ಒಳಗೆ ಸುಮಾರು ಎರಡು ಕಿಲೋಮೀಟರ್ ಜಾಗ ಇತ್ತು, ಕರೆಂಟ್ ಇತ್ತು. ಅವರು ಬೆಳಿಗ್ಗೆ ಸಂಜೆ ಆ ಸುರಂಗದಲ್ಲೇ ನಡೆದರು, ಯೋಗ ಮಾಡಿದರು. ಮೊದಲು ನಾಲ್ಕು ಇಂಚಿನ ಪೈಪಿನಲ್ಲಿ ಮಂಡಕ್ಕಿ, ಒಣ ಹಣ್ಣು ಹೋಗುತ್ತಿತ್ತು. ಆರು ಇಂಚಿನ ಪೈಪ್ ಒಳಗೆ ಹೋದ ಮೇಲೆ ಬಾಟಲಿಯಲ್ಲಿ ಬಿಸಿ ಖಿಚಡಿ ಹೋಯಿತು. ಮನೆಯವರ ದನಿಯೂ ಪೈಪಿನಲ್ಲೇ ಒಳಗೆ ತಲುಪಿತು. ಬಿಸಿ ಊಟ, ಮನೆಯ ದನಿ, ನಡೆಯಲು ಜಾಗ. ನಾವು ಸುರಂಗದವರು ಅವತ್ತಿನಿಂದ ಪೈಪನ್ನು ಬೇರೆ ಕಣ್ಣಿನಿಂದ ನೋಡುತ್ತೇವೆ.

ಹಿಂಜೇವಾಡಿ ಹುಡುಗಿ

ಅಕ್ಕಾ, ಇಸ್ರೋದ ಮಂಗಳಾ ಮಣಿ ಅವರ ಬಗ್ಗೆ ನಿಮ್ಮ ಅವ್ವನಿಗೆ ಹೇಳಿ. 56ನೇ ವಯಸ್ಸಿನಲ್ಲಿ ಅಂಟಾರ್ಕ್ಟಿಕಾದಲ್ಲಿರುವ ನಮ್ಮ ಇನ್ನೊಂದು ಕೇಂದ್ರ ಭಾರತಿಯಲ್ಲಿ 403 ದಿನ ಇದ್ದು ಬಂದರು. 23 ಜನರ ತಂಡದಲ್ಲಿ ಹೆಂಗಸು ಅವರೊಬ್ಬರೇ. ನನಗೆ ಅದನ್ನು ಓದಿ ಧೈರ್ಯ ಬಂದಿತ್ತು.

ಸಡಾ ಗುಡ್ಡದ ಅಕ್ಕ, ವಾಸ್ಕೋ

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ತಮ್ಮ ಕೇಪ್‌ಟೌನ್ ಮೇಲಿಂದ ಹೋಗಿ ತಲುಪಿದ್ದಾನೆ.

ಹೊರಡುವ ಮುಂಚೆ ಅವ್ವ ಗದಗಿನಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಕೊಂಡು ರೈಲಿನಲ್ಲಿ ಬಂದಿದ್ದಳು. ಆಗ ನಿಮ್ಮೆಲ್ಲರ ಮಾತನ್ನು ಅವಳಿಗೆ ಓದಿ ಹೇಳಿದೆ. ಬೆಳಗಾವಿ ಮದುವೆಯ ಭಾಗ ಬಂದಾಗ ಅವ್ವ ಏನೂ ಅನ್ನಲಿಲ್ಲ. ಬೆಳಿಗ್ಗೆ ಎದ್ದು ತಾನೇ ಬೀಗರಿಗೆ ಫೋನ್ ಮಾಡಿದಳು. ಮದುವೆ ಈಗ ಅಕ್ಷಯ ತದಿಗೆ ಕಳೆದ ಮೇಲೆ. ಹುಡುಗಿಯೇ ಫೋನ್ ತೆಗೆದುಕೊಂಡು, "ಅವರು ಬಂದು ಆರಾಮಾಗಿ ಇರಲಿ ಅತ್ತಿ, ನಾನೂ ಅಪ್ಪನೂ ಒಂದಿನ ಬಂದು ಮಾತಾಡಿಸ್ತೀವಿ" ಅಂದಳಂತೆ. ಅವ್ವನಿಗೆ ಆ ಹುಡುಗಿ ಮೊದಲಿಗಿಂತ ಜಾಸ್ತಿ ಹಿಡಿಸಿದ್ದಾಳೆ.

ಭಾನುವಾರ ಸಂಜೆ ಫೋನ್ ಅಂತ ಹೊತ್ತು ಇಟ್ಟುಕೊಂಡಿದ್ದೇವೆ. ಹೋದ ಭಾನುವಾರ ಅವ್ವ "ಊಟ ಆಯ್ತೇನಪಾ" ಅಂತ ಶುರು ಮಾಡಿದವಳು, ನಿಲ್ಲಿಸಿ, ಗೌರಿ ಕರು ಹಾಕಿದ್ದನ್ನು ಹೇಳಿದಳು. ರಾತ್ರಿ ಎರಡು ಗಂಟೆಗೆ, ಹಿತ್ತಲಲ್ಲಿ, ಹೆಣ್ಣು ಕರು. ಅವನು ಆ ಕಡೆಯಿಂದ ಕೇಳಿದ: "ಬಣ್ಣ ಯಾವುದವ್ವಾ?"

ಅವ್ವ ಹತ್ತು ನಿಮಿಷ ಹೇಳಿದಳು. ಹಣೆ ಮೇಲೆ ಬಿಳಿ ಚುಕ್ಕಿ, ಬೆನ್ನು ಕೆಂಪು, ಮುಂಗಾಲು ಎರಡೂ ಬಿಳಿ.